ಬಿಟ್ಟರೆ ಬಿಡುವ ಬ್ರೇಕು

ನನ್ನ ಹೆಸರು ಅಂದ್ರು.
ಸಿದ್ದಾಪುರದಲ್ಲಿ ಯಾರು ಏನು ಅಂದ್ರು ಅಂದರೂ
ತಿರುಗಿ ನೋಡುವುದು ನಾನೇ.
ಹಾಗಾಗಿ ಆ ಕಾರಿನ ಮೇಲೆ ಬಿದ್ದ ಮಾತೆಲ್ಲ
ನನ್ನ ಕಿವಿಗೂ ಬಿದ್ದಿದೆ:
ದೊರೆಯ ಪ್ರೇತ ಕೂತಿದೆ ಅಂದ್ರು,
ಯಾವಳಿಗೋ ಕಾದು ನಿಲ್ಲಿಸಿದ್ದು ಅಂದ್ರು,
ಬಾಗಿಲೊಳಗೆ ಚಿನ್ನ ಅಂದ್ರು.

ಬೊಳ್ಳವ್ವ ಟೀಚರು ಪಲ್ಪರ್ ಮನೆಯ ಬೀಗ ತೆಗೆದು
ಮೆಣಸಿನ ಚೀಲ ಸರಿಸಿ, ಟಾರ್ಪಾಲು ಎತ್ತಿ
ಹೇಳಿದ್ದು ಇಷ್ಟು:
"ಎಪ್ಪತ್ತೊಂಬತ್ತರಲ್ಲಿ ಕ್ಲಚ್ ಪ್ಲೇಟು ಸಿಗಲಿಲ್ಲ.
ಅಷ್ಟೇ ಕಥೆ."

ಎರಡೇ ಸೀಟಿನ ಎಂ.ಜಿ., ಐವತ್ತೆರಡರ ಮಾಡೆಲ್ಲು.
ಕಪ್ಪೆಗಣ್ಣಿನ ಹೆಡ್‌ಲೈಟು ಎರಡೂ ಹಾಗೇ,
ಇಷ್ಟು ವರ್ಷ ರೆಪ್ಪೆ ಹೊಡೆಯದೆ ಒಂದೇ ಗೋಡೆ ನೋಡಿದ್ದು.
ಬಾಗಿಲು ಹಿಡಿದೆ,
ಬಾಗಿಲು ಕೈಗೆ ಬಂತು.
ತಗಡಿನೊಳಗೆ ಮರದ ಪಕ್ಕೆಲುಬು ಇರಬೇಕಿತ್ತು, ಸೀಮೆಯ ಮರ.
ಗೆದ್ದಲು ಅದನ್ನು ಕೊನೆಯ ಪುಟದವರೆಗೆ ಓದಿ
ಮಣ್ಣಿನಲ್ಲಿ ಸಹಿ ಹಾಕಿತ್ತು.

ಕ್ರೋಮಿಗೆ ಪಾಲಿಷ್ ಕೊಟ್ಟು ಮದುವೆಗೆ ಬಾಡಿಗೆ ಬಿಡಬಹುದು, ಎಂದೆ.
"ಅಂದ್ರೂ, ಮಾರ್ಚಿಗೆ ಬಾಳೆಲೆ ಗದ್ದೆಯಲ್ಲಿ ಆಟೋಕ್ರಾಸ್.
ಕೊಯ್ಯಿ."
ಅರವತ್ತೊಂದು ವಯಸ್ಸು. ಮೂವತ್ತು ವರ್ಷದ ಪಿ.ಟಿ. ಕ್ಲಾಸು.
ವಿಸಿಲು ಈಗಲೂ ಕೊರಳಲ್ಲಿ.

ಕೊಯ್ದೆ.
ನನ್ನ ಗ್ರೈಂಡರು ಎಷ್ಟೋ ಜೀಪು ಕಂಡಿದೆ, ಆನೆ ತುಳಿದ ಓಮ್ನಿ ಕಂಡಿದೆ;
ಈ ಮಡ್‌ಗಾರ್ಡಿನ ಬಳುಕಿಗೆ ಬ್ಲೇಡು ಇಡಲು
ಒಂದು ಬೀಡಿ ಪೂರ್ತಿ ಬೇಕಾಯಿತು.
ಬಂಪರು ಹೋಯಿತು, ಸ್ಟೆಪ್ನಿ, ಕಾರ್ಪೆಟ್ಟು,
ಎಡಗಡೆಯ ಸೀಟು.
ಅದರ ಹೊಟ್ಟೆಯೊಳಗೆ ಕಾಫಿ ಬೋರ್ಡಿನ ರಸೀದಿ ಹಾಸಿದ ಇಲಿಗೂಡು,
ಆರು ಮರಿ, ಇನ್ನೂ ಬೆಚ್ಚಗೆ.
ಟೀಚರು ಸೀಟನ್ನೇ ಎತ್ತಿ ಸೌದೆ ಕೊಟ್ಟಿಗೆಗೆ ಸಾಗಿಸಿದರು.
"ಇದು ಅವಕ್ಕೆ ಜಮ್ಮಾ ಆಗಿಹೋಗಿದೆ."

ಕಳಚಿದ್ದೆಲ್ಲ ಮೆಣಸು ತೂಗುವ ತಕ್ಕಡಿಗೆ,
ಲೆಕ್ಕ ಗೋಡೆಗೆ, ಇದ್ದಿಲಲ್ಲಿ.
ತೊಂಬತ್ತಾರೂವರೆ ಕಿಲೋ.
ಆ ಅರ್ಧ ಕಿಲೋ ಹಾರನ್ನು; ಅದನ್ನು ಮಾತ್ರ ವಾಪಸ್ ಹಾಕಿಸಿದರು.

ಪಕ್ಕೆಲುಬಿಗೆ ಹಲಸು. ಆಚಾರಿ ವೇಲು ಪಟ್ಟಿ ಸೀಳಿದ,
ಗಡ್ಡದ ತುಂಬ ಹಳದಿ ಹೊಟ್ಟು.
ಬಿಸಿಲಿಗೆ ನಿಲ್ಲಿಸಿದರೆ ಕಾರು ಸಣ್ಣಗೆ ಹಣ್ಣಿನ ಹಾಗೆ ನಾರುತ್ತದೆ.
ಯಾರೂ ಒಪ್ಪುವುದಿಲ್ಲ.

ಕ್ಲಚ್ ಪ್ಲೇಟು ಕೊಯಮತ್ತೂರಿನಿಂದ ಬಂತು,
ಕೊರಿಯರಿನಲ್ಲಿ, ನಾಲ್ಕೇ ದಿನಕ್ಕೆ.
ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಟೀಚರು
ಕಣದ ಅಂಚಿನಲ್ಲಿ ತುಸು ಹೊತ್ತು ಕೂತರು.
ನಾನು ಆಚೆ ಹೋಗಿ ಸ್ಪ್ಯಾನರು ಹುಡುಕಿದೆ,
ಅದು ಜೇಬಲ್ಲೇ ಇತ್ತು.

ಇದರ ಹ್ಯಾಂಡ್‌ಬ್ರೇಕು ವಿಚಿತ್ರ.
ಎಳೆದು ಬಿಟ್ಟರೆ ಬಿಟ್ಟೇಹೋಗುತ್ತದೆ,
ತುದಿಯ ಗುಂಡಿ ಒತ್ತಿದರೆ ಮಾತ್ರ ಹಿಡಿದು ನಿಲ್ಲುತ್ತದೆ.
ಕೆಟ್ಟಿದೆ ಎಂದು ಬಿಚ್ಚಲು ಹೋದೆ. ಬೈದರು.

ಕಟಾವಾದ ಗದ್ದೆ. ಕೂಳೆ, ಧೂಳು, ಹುಡುಗರ ಜಿಪ್ಸಿಗಳು.
ಮೋಡ ಕಟ್ಟಿತ್ತು.
ಹೂಮಳೆಗೆ ರೊಬಸ್ಟ ಮೊಗ್ಗು ಹಿಡಿದು ಕಾದಿದ್ದ ಜನ
ಬರಲಿ ಬರಲಿ ಎಂದು ಕತ್ತೆತ್ತಿದರೆ
ಟೀಚರು ಮುಗಿಲಿಗೇ ಒಂದು ವಿಸಿಲು ಊದಿದರು:
ತಡಿ, ಎರಡು ನಿಮಿಷ.

ಗಾಜು ಮುಂದಕ್ಕೆ ಮಡಚಿ ಹೊರಟರು.
ಮೂರನೇ ತಿರುವು, ಎಳೆದರು, ಬಿಟ್ಟರು,
ಹಿಂಬದಿ ಬೀಸಿ ಬಂತು, ಕೊಡದಿಂದ ನೀರು ಚೆಲ್ಲಿದ ಹಾಗೆ,
ಒಂದು ಕೋನು ಹಾರಿತು, ಹಾರನ್ನು ಕೂಗಿತು,
ನನ್ನ ವೆಲ್ಡಿಂಗು ಯಾವುದೂ ಬಿಡಲಿಲ್ಲ.
ಐದು ಸೆಕೆಂಡು ದಂಡ. ಹದಿಮೂರರಲ್ಲಿ ಹನ್ನೊಂದು.

ಮರಳುವಾಗ ಮಳೆ.
ಸೀಟಿಲ್ಲದ ಎಡಗಡೆ ಮೆಣಸಿನ ಚೀಲ ಮಡಚಿ ಕೂತಿದ್ದೆ.
ಹುಡ್ ಇರಲಿಲ್ಲ.
ಕೊಯ್ದದ್ದು ನಾನೇ; ಹನ್ನೊಂದು ಕಿಲೋ.