ಬಲಗಾಲು ಮುಂದೆ

ಬೆಂಕಿ ಆರಿಸುವ ಬಂಡಿಗಳನ್ನು ಹೊರಗೆ ಚಳಿಗೆ ನಿಲ್ಲಿಸಿ
ಅವುಗಳ ಮನೆಯಲ್ಲಿ ನಾವು ಸಂತೆ ಹೂಡುತ್ತೇವೆ,
ಬೋಹಿನ್ ಕಣಿವೆಯಲ್ಲಿ, ನವೆಂಬರಿನ ಮೊದಲ ಶನಿವಾರ.
ಡೀಸೆಲ್ಲಿನ ವಾಸನೆ, ಅದರ ಮೇಲೆ ಮೇಣದ್ದು,
ಅದರ ಮೇಲೆ ಹೋದ ವರ್ಷದ ಕಾಲುಚೀಲದ್ದು.

ನಾನು ಚೀಟಿ ಬರೆಯುವವನು.
ಉದ್ದ, ನಡು, ಬೆಲೆ, ಯಾರದು;
ನೂರಕ್ಕೆ ಹತ್ತು ಕ್ಲಬ್ಬಿಗೆ.
ಎತ್ತಿನ ಹಲ್ಲು ನೋಡುವ ಹಾಗೆ ಅಂಚು ನೋಡುತ್ತೇನೆ:
ಉಗುರಿನ ಬೆನ್ನನ್ನು ಉಕ್ಕಿಗೆ ಒರೆಸಿದರೆ
ಬಿಳಿ ಪುಡಿ ಉದುರಬೇಕು.
ಉದುರದಿದ್ದರೆ ಅದು ಹಲಗೆಯಲ್ಲ, ಮಣೆ.

ಬೆಳಗಿನಿಂದ ಬಂದದ್ದೆಲ್ಲ ಮಕ್ಕಳ ಸ್ಕೀ,
ಒಂದೇ ಚಳಿಗಾಲಕ್ಕೆ ಗಿಡ್ಡವಾದವು,
ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ನನ್ನ ಮೇಜಿಗೆ.
ಅಪ್ಪನೊಬ್ಬ ಪ್ಲಾಸ್ಟಿಕ್ ಬೂಟಿನ ಮೂತಿ ಒತ್ತಿ ನೋಡಿ
'ಇನ್ನೂ ಬೇಕಾದಷ್ಟು ಜಾಗ ಇದೆ' ಅಂದ.
ಒಳಗೆ ಬೆರಳಿದ್ದ ಮಗ ನನ್ನ ಮುಖ ನೋಡಿದ.

ಹನ್ನೊಂದಕ್ಕೆ ಓಜ್ಬೊಲ್ಟ್ ಬಂದ,
ಹಲಗೆಯನ್ನು ಹಾಸಿಗೆಯ ಹೊದಿಕೆಯಲ್ಲಿ ಸುತ್ತಿಕೊಂಡು,
ಗಟ್ಟಿ ಬೂಟಿನ ಜೋಡಿ ಕುತ್ತಿಗೆಗೆ ಜೋತು ಹಾಕಿಕೊಂಡು.
ನೂರ ಅರವತ್ತೆಂಟು ಉದ್ದ, ನಡು ಹತ್ತೊಂಬತ್ತೂವರೆ,
ಒರಗಿದರೆ ಹದಿಮೂರು ಮೀಟರಿನ ಬಿಲ್ಲು ಬರೆಯುವಂಥದ್ದು.
ಕಣಿವೆಯಲ್ಲಿ ಇಂಥದ್ದನ್ನು ಕಟ್ಟುವವರು ಈಗ ಮೂವರು.
ಒಬ್ಬನ ಮಂಡಿ ಹೋಗಿದೆ.
ಆ ಒಬ್ಬ ಇವನೇ.
'ಇನ್ನೂರು ಅಂತ ಬರಿ.' ಬರೆದೆ.
ಹೋಗಲಿಲ್ಲ. ಸ್ಟೂಲು ಎಳೆದು ಪಕ್ಕದಲ್ಲೇ ಕೂತ.

ಅಂಚೆ ವ್ಯಾನು ಓಡಿಸುವ ತಿಂಕಾರ,
ಹಳದಿ ಕೋಟಿನಲ್ಲೇ ಬಂದು
ಹಲಗೆಯನ್ನೆತ್ತಿ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದಳು.
ನೆಲಕ್ಕಿಟ್ಟು, ಅದರ ಹೊಟ್ಟೆಯಡಿ ನನ್ನ ಪೆನ್ಸಿಲು ಉರುಳಿಸಿದಳು.
ಆಚೆ ಕಡೆ ಹೊರಬಂತು.
'ಜೀವ ಇದೆ' ಅಂದಳು.

'ಬಿರುಸು ಜಾಸ್ತಿ,' ಅಂದ ಓಜ್ಬೊಲ್ಟ್, 'ನಿನ್ನ ತೂಕಕ್ಕೆ ಬಾಗದು.'
'ದಿನಾ ಪಾರ್ಸೆಲ್ ಹೊರುವ ತೊಡೆ ನನ್ನದು.'
'ಬಾಲದ ಹತ್ತಿರ ಕಲ್ಲಿನ ಗಾಯ, ನೋಡು. ನಾನೇ ತುಂಬಿದ್ದು.'
'ಚೆನ್ನಾಗಿ ತುಂಬಿದ್ದೀರಿ.'
'ಮೆತ್ತನೆ ಹಿಮದಲ್ಲಿ ಮೂಗು ಮುಳುಗುತ್ತೆ.'
'ಮೆತ್ತನೆಯದು ಯಾರಿಗೆ ಬೇಕು?
ಭಾನುವಾರ, ಯಂತ್ರ ಬಾಚಿ ಹೋದ ಹಾದಿ, ಮೊದಲ ಲಿಫ್ಟು.'

ಇಪ್ಪತ್ತು ವರ್ಷದ ಚೌಕಾಸಿ ಕೇಳಿದ ಕಿವಿ ನನ್ನದು.
ಮಾರುವವನು ಹಳಿದು, ಕೊಳ್ಳುವವಳು ಹೊಗಳಿ,
ಬೆಲೆ ನಿಂತಲ್ಲೇ ನಿಂತದ್ದು ಇದೊಂದೇ.

ಕೊನೆಗೆ ಅವನು ಬಚ್ಚಿಟ್ಟದ್ದನ್ನು ತೆಗೆದ:
'ಎಡದ ಅಂಚು ಸವೆದಿದೆ. ಹಿಮ್ಮಡಿಯ ಕಡೆಯದು.
ಮಂಡಿಗೆ ಹೆದರಿ ಹನ್ನೊಂದು ಚಳಿಗಾಲ
ಅದರ ಮೇಲೇ ಭಾರ ಬಿಟ್ಟಿದ್ದೇನೆ.
ಇನ್ನೆರಡು ಸಾಣೆಗಾಗುವಷ್ಟೇ ಉಕ್ಕು.'

ತಿಂಕಾರ ಕೆಲಸದ ಷೂ ಬಿಚ್ಚಿ
ಹಲಗೆಯ ಮೇಲೆ ಹತ್ತಿ ನಿಂತಳು.
'ನನಗೆ ಬಲಗಾಲು ಮುಂದೆ.'

ಅವನು ಸುಮ್ಮನಾದ.
ನಾನು ಕೂತಲ್ಲೇ ಲೆಕ್ಕ ಹಾಕಿದೆ:
ಅವನ ಹಿಮ್ಮಡಿ ಅಂದರೆ ಇವಳ ಬೆರಳ ತುದಿ.
ಅವನು ಬೆಟ್ಟಕ್ಕೆ ಬೆನ್ನು ಕೊಟ್ಟು ಒರಗಿದ ಅದೇ ಗೆರೆಯ ಮೇಲೆ
ಇವಳು ಬೆಟ್ಟಕ್ಕೆ ಮುಖ ಕೊಟ್ಟು ಬಾಗುತ್ತಾಳೆ,
ಗವಸು ಹಿಮಕ್ಕೆ ಸವರುವಷ್ಟು ಹತ್ತಿರ.
ಹಾಗಂತ ಉಕ್ಕೇನೂ ಬೆಳೆಯುವುದಿಲ್ಲ.

'ಸ್ಕ್ರೂಡ್ರೈವರ್ ಕೊಡು' ಅಂದ ನನಗೆ.
ಎಂಟು ಸ್ಕ್ರೂ ಬಿಚ್ಚಿ, ಬೈಂಡಿಂಗಿನ ದೂಳು ಊದಿ,
ಎಡಕ್ಕಿದ್ದ ಮೂತಿಯನ್ನು ಬಲಕ್ಕೆ ತಿರುಗಿಸಿ,
ಅರವತ್ತೈದರ ಕೋನವನ್ನು ಐವತ್ತೈದಕ್ಕಿಳಿಸಿ,
ಅವಳ ಪಾದಕ್ಕೆ ಗೇಣು ಹಾಕಿ
ಒಂದೊಂದನ್ನೂ ಎರಡೆರಡು ಸಲ ಬಿಗಿದ.

ಇನ್ನೂರು ಎಣಿಸಿದಳು. ಇಪ್ಪತ್ತು ಮುರಿದುಕೊಂಡೆ.
ಹೊದಿಕೆ ಬೇಕೆಂದು ಕೇಳಿದಳು;
'ಅದು ಮಾರಾಟಕ್ಕಿಲ್ಲ.'

ಬೂಟು ಉಳಿಯಿತು. ನಲವತ್ತನಾಲ್ಕರ ಪಾದದ್ದು,
ಸಂಜೆಯವರೆಗೆ ಯಾರೂ ಮುಟ್ಟಲಿಲ್ಲ.
ಮಾರದ ಮಾಲನ್ನು ಐದರೊಳಗೆ ಒಯ್ಯಬೇಕು, ನಿಯಮ.
ಐದಕ್ಕೆ ಐದು ನಿಮಿಷವಿರುವಾಗ ಓಜ್ಬೊಲ್ಟ್ ಬಂದ,
ಹೊದಿಕೆಯಲ್ಲಿ ಬೂಟು ಸುತ್ತಿದ,
ಬಂಡಿಗಳನ್ನು ಒಳಗೆ ತರುವ ಸದ್ದಿನ ನಡುವೆ
ಏನೋ ಅಂದ.
ಕೇಳಿಸಲಿಲ್ಲ.
ತಲೆಯಾಡಿಸಿದೆ.