ರಾತ್ರಿಪಾಳಿಯ ಹಲ್ಲಿನ ಡಾಕ್ಟರು

ನಾನು ಗುಡ್ರುನ್ ಹಾಲ್ವರ್ಸನ್, ಹಲ್ಲಿನ ಡಾಕ್ಟರು.
ಉತ್ತರ ಡಕೋಟದ ನಕಾಶೆಯಲ್ಲಿ ನೊಣ ಕೂತರೆ
ಮುಚ್ಚಿಹೋಗುವಂಥ ಊರು ನಮ್ಮದು.
ಒಂದು ನೀರಿನ ಟ್ಯಾಂಕು, ಎರಡು ಚರ್ಚು,
ಕಣ್ಣು ಹಾಯುವಷ್ಟೂ ಸಕ್ಕರೆ ಬೀಟಿನ ಹೊಲ.
ಅಕ್ಟೋಬರಿನಲ್ಲಿ ಗಡ್ಡೆ ಕಿತ್ತು ಫ್ಯಾಕ್ಟರಿಗೆ ಸುರಿದರೆ
ಗಾಳಿಗೂ ಹಳಸಿದ ಪಾಕದ ನಾತ.
ಇಂಥ ಊರಲ್ಲಿ ಹಲ್ಲಿನ ಡಾಕ್ಟರಿಗೆ
ದೇವರು ಯಾವತ್ತೂ ಕಡಿಮೆ ಮಾಡಿಲ್ಲ.

ಹ್ಯಾಲೋವೀನ್ ರಾತ್ರಿ ಮಾತ್ರ
ಬೆಳಗಾಗುವವರೆಗೆ ಬಾಗಿಲು ತೆರೆದಿಡುತ್ತೇನೆ.
ಮಿಠಾಯಿ ಬೇಡಿ ದಣಿದ ಮಕ್ಕಳು ಮಲಗಿದ ಮೇಲೆ
ಹಿಂಬಾಗಿಲ ಗಂಟೆ ಬಾರಿಸುವವರು ಬೇರೆ.
ಅವರು ವೇಷ ಹಾಕುವುದಿಲ್ಲ.
ಅದೊಂದು ರಾತ್ರಿ ಬೀದಿಯಲ್ಲಿ ರಾಜಾರೋಷ ನಡೆದರೂ
"ಹೊಲಿಗೆ ಚೆನ್ನಾಗಿದೆ, ಎಲ್ಲಿ ಹೊಲಿಸಿದ್ದು?" ಅಂದಾರು,
ಅಷ್ಟೇ.

ಮೊದಲು ಬಂದವನು ರಕ್ತ ಕುಡಿಯುವವನು.
ಕಪ್ಪು ನಿಲುವಂಗಿ, ಬಾತ ಕೆನ್ನೆ, ಕೆನ್ನೆಗೊತ್ತಿದ ಕರವಸ್ತ್ರ.
"ನಾನೂರು ವರ್ಷ, ಡಾಕ್ಟರೇ, ಒಂದು ಹುಳುಕಿಲ್ಲ.
ನಿಮ್ಮೂರಿಗೆ ಬಂದು ಮೂರೇ ತಿಂಗಳು.
ಇವರ ಮೈಯಲ್ಲಿ ಹರಿಯುವುದು ರಕ್ತವೋ, ಜೋನಿಬೆಲ್ಲವೋ?"
ಬಾಯಿ ತೆಗೆಸಿದೆ. ಪುಟ್ಟ ಕನ್ನಡಿ ಇಟ್ಟೆ.
ಕನ್ನಡಿಯಲ್ಲಿ ಕುರ್ಚಿ ಇದೆ,
ಹಿಂದಿನ ಗೋಡೆಯ ಕ್ಯಾಲೆಂಡರು ಇದೆ,
ಹಲ್ಲು ಒಂದೂ ಇಲ್ಲ.
ಎಕ್ಸ್-ರೇಯಲ್ಲಿ ಬರೀ ಹೊಗೆ.
ಕೊನೆಗೆ ಕುರುಡರಂತೆ ತಡವಿ ಎರಡೂ ಕೋರೆ ಕಿತ್ತೆ.
ಅಳುತ್ತ ಹೋದ, ಪಾಪ.
ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ;
ಸತ್ತವರಿಗೂ ತಪ್ಪಿದ್ದಲ್ಲ ಅದು.

ಆಮೇಲೆ ತೋಳಮನುಷ್ಯ,
ಬೀಟ್ ಲಾರಿ ಓಡಿಸುವ ಓರ್ವಿಲ್.
ಕೂತಾಗ ಮೂವತ್ತೆರಡು ಹಲ್ಲು.
ಅರ್ಧ ಉಜ್ಜಿದ್ದೆ, ಮೋಡ ಸರಿಯಿತು, ಕಿಟಕಿಯಲ್ಲಿ ಹುಣ್ಣಿಮೆ.
ಎಣಿಸಿದರೆ ನಲವತ್ತೆರಡು.
ಮೇಲಿನ ಹತ್ತಕ್ಕೆ ದುಡ್ಡು ಯಾರಪ್ಪ ಕೊಡುತ್ತಾನೆ?
"ದನದ ಡಾಕ್ಟರ ಹತ್ತಿರ ಹೋಗು" ಅಂದೆ.
ಗುರ್ರೆಂದ.
ಎಪ್ಪತ್ತು ದಾಟಿದ ನನ್ನ ಸಹಾಯಕಿ ಡೆಲ್ಫೀನ್
ಪತ್ರಿಕೆ ಸುತ್ತಿ ಮೂತಿಗೊಂದು ಬಿಟ್ಟಳು.
"ಕೂತ್ಕೋ."
ಕೂತ.

ಹೆಣದ ತುಂಡುಗಳನ್ನು ಜೋಡಿಸಿ ಹೊಲಿದ ದೈತ್ಯನಿಗೆ
ಹಲ್ಲುನೋವಿಲ್ಲ, ಕಾಗದಪತ್ರದ ನೋವು.
ಮೇಲ್ದವಡೆ ಯಾವನೋ ಪಾದ್ರಿಯದು,
ಕೆಳದವಡೆ ಕುದುರೆಕಳ್ಳನದು.
ರೋಗಿ ಯಾರು, ಎಂದು ಕೇಳುತ್ತದೆ ವಿಮಾ ಕಂಪನಿ.
ಅವನೂ ಅದನ್ನೇ ಕೇಳಿಕೊಂಡು ಅಲೆಯುತ್ತಿದ್ದಾನೆ.

ಮಮ್ಮಿಗೆ ಏನೂ ಆಗಿರಲಿಲ್ಲ, ಸುಮ್ಮನೆ ಜೊತೆಗೆ ಬಂದದ್ದು.
ನನ್ನ ಬ್ಯಾಂಡೇಜು ಮುಗಿದಾಗ
ಮೊಣಕೈ ಬಿಚ್ಚಿ ಎರಡು ಗಜ ಹರಿದುಕೊಟ್ಟಿತು.
ಬದುಕಿರುವವರಲ್ಲಿ ಈ ಸೌಜನ್ಯ ನಾನು ಕಂಡಿಲ್ಲ.

ಮೂರು ಗಂಟೆಗೆ ಹೊಲದಲ್ಲಿ ತಟ್ಟೆಯಂಥದೇನೋ ಇಳಿಯಿತು.
ಬೂದು ಮೈ, ಸೌಟಿನಷ್ಟು ಕಣ್ಣು,
ಗುಂಡಿಯ ತೂತಿನಷ್ಟು ಬಾಯಿ.
"ಭೂಮಿಯನ್ನು ಗೆಲ್ಲಲು ಬಂದಿದ್ದೇನೆ. ನಿಮ್ಮ ನಾಯಕ ಯಾರು?"
"ಮೊದಲು ಅರ್ಜಿ ತುಂಬಿ" ಅಂದಳು ಡೆಲ್ಫೀನ್,
"ನಿಮ್ಮದು ಹದಿನಾಲ್ಕನೇ ನಂಬರು."
ಕೂತ. ಅರೆತೆರೆದ ಬಾಗಿಲಿಂದ ನನ್ನ ಕೆಲಸ ನೋಡಿದ.
ಡ್ರಿಲ್ಲಿನ ಸದ್ದಿಗೆ ಬೂದು ಬಣ್ಣ ಬಿಳಿಚಿತು.
ಮಣಿಕಟ್ಟಿಗೆ ಬಾಯಿಟ್ಟು ಪಿಸುಗುಟ್ಟಿದ:
"ತಡವಾಯಿತು. ನಮಗಿಂತ ಮೊದಲೇ ಯಾರೋ ಬಂದುಬಿಟ್ಟಿದ್ದಾರೆ.
ಜೀವಿಗಳನ್ನು ಅಂಗಾತ ಮಲಗಿಸುತ್ತಾರೆ,
ಮುಖಕ್ಕೆ ಬೆಳಕು ಹಿಡಿದು ಬಾಯಿಗೆ ಕಬ್ಬಿಣ ತುರುಕಿ
'ಮನೆಯಲ್ಲಿ ಎಲ್ಲ ಸೌಖ್ಯವೇ' ಎಂದು ವಿಚಾರಿಸುತ್ತಾರೆ.
ಉತ್ತರಕ್ಕೆ ಬಾಯಿ ಬಿಟ್ಟುಕೊಡುವುದಿಲ್ಲ.
ನಾವು ಇದನ್ನು ಪುಕ್ಕಟೆ ಮಾಡುತ್ತೇವೆ, ಇವರು ದುಡ್ಡು ಕೇಳುತ್ತಾರೆ.
ಆದರೂ ಆರು ತಿಂಗಳಿಗೊಮ್ಮೆ
ತಾವಾಗಿಯೇ ಬರುತ್ತಾರಂತೆ!"
ಹೋಗುವಾಗ ಉಚಿತ ಬ್ರಷ್ಷೊಂದನ್ನು ಎತ್ತಿಕೊಂಡ.
ಎಲ್ಲಿ ಉಜ್ಜುತ್ತಾನೋ, ನಾನು ಕೇಳಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಬಂದದ್ದು ಸಿಗ್ನೆ, ಆರು ವರ್ಷ.
ನಿನ್ನೆಯ ಚಿಟ್ಟೆರೆಕ್ಕೆ ಬೆನ್ನಿಂದ ಇಳಿದಿಲ್ಲ,
ಹಲ್ಲಿನ ಸಂದಿಗೆ ಕ್ಯಾರಮೆಲ್ ಗಾರೆ.
"ಆ ಅನ್ನು, ಪುಟ್ಟಿ."
ಅಂದಳು. ಬೆರಳಿಟ್ಟೆ.

ಹತ್ತೊಂಬತ್ತು ವರ್ಷದ ರಾತ್ರಿಪಾಳಿಯಲ್ಲಿ
ಒಂದು ದೆವ್ವವೂ ಮಾಡದ್ದು.
ಇಲ್ಲಿ ನೋಡಿ, ಗುರುತು.