ಕಾರಣದ ಕಾಲಂ

ಎದೆಯಲ್ಲಿ ಏನೋ ಹಿಡಿದುಕೊಳ್ಳುತ್ತದೆ, ಅಂದೆ.
ಏನೋ ಅಂದರೆ? ಕೇಳಿದರು ಡಾಕ್ಟರು ಎತೆರಿ.
ಒದ್ದೆ ಬಟ್ಟೆ ಹಿಂಡಿದ ಹಾಗೆ,
ಹಿಂಡುವವಳು ನಡುವೆ ಯಾರನ್ನೋ ಮಾತಾಡಿಸಿ
ಮರೆತು, ಮತ್ತೆ ಹಿಂಡಿದ ಹಾಗೆ.

ಮೈತುಂಬ ವೈರು ಅಂಟಿಸಿ ಗೀಟು ತೆಗೆದರು.
ಗುಡ್ಡ, ಕಣಿವೆ, ಗುಡ್ಡ. ತೆಲಾವಿಗೆ ಬರುವ ದಾರಿಯ ಹಾಗೇ,
ಎಲ್ಲೂ ಕುಸಿದಿಲ್ಲ.
ಹೃದಯ ಅಲ್ಲ ನುಗ್ಜಾರ್, ಇವತ್ತಿಗೆ ಅಲ್ಲ.
ಆ ‘ಇವತ್ತಿಗೆ’ಯನ್ನು ಜೇಬಿನಲ್ಲಿಟ್ಟುಕೊಂಡೆ.

ಅನ್ನನಾಳ ಇರಬಹುದು, ಅದಕ್ಕೂ ಮುನಿಸು ಬರುತ್ತದೆ.
ಹುಳಿ ಮೇಲೇರುತ್ತಿರಬಹುದು.
ಪಕ್ಕೆಲುಬು ಎದೆಮೂಳೆಗೆ ಕೂಡುವಲ್ಲಿ ಊತ ಇರಬಹುದು.
ಕಾಫಿ ಎಷ್ಟು? ನಿದ್ದೆ ಎಷ್ಟು? ಮನಸ್ಸಿಗೇನಾದರೂ?
ಬರೆದಿಡು, ಯಾವಾಗ ಬಂತು, ಏನು ಮಾಡುತ್ತಿದ್ದೆ.
ಕೊನೆಗೊಂದು ಗೆರೆ ಹೊಡೆದು
ತಲೆಯಲ್ಲಿ ತಾವೇ ಬರೆದುಕೊಟ್ಟರು: ಕಾರಣ.

ಹಿಟ್ಟಿನ ಲೆಕ್ಕದ ಪುಸ್ತಕದಲ್ಲೇ ಬರೆದೆ, ಹಿಂದಿನ ಹಾಳೆಯಿಂದ.

ಗುರುವಾರ. ಒಲೆ ಬಿಟ್ಟು ಬಂದು ಫ್ರಿಜ್ಜಿನ ನೀರು,
ಒಂದೇ ಗುಟುಕಿಗೆ ಎದೆ ನಡುವೆ ಬೀಗ ಬಿತ್ತು.
ಕಾರಣ: ತಣ್ಣೀರು.
ಶನಿವಾರ. ಚೀಸ್ ಮಾರುವ ಲಮಾರಾ ಹೇಳಿದಳು,
ಮೂವತ್ತು ವರ್ಷ ಕುಡಿದ ವೈನು ಒಮ್ಮೆಲೇ ಬಿಟ್ಟರೆ
ಎದೆ ಹುಡುಕುವುದಿಲ್ಲವೇ?
ಕಾರಣ: ಲಮಾರಾ ಪ್ರಕಾರ ವೈನು.
ಭಾನುವಾರ. ಅಂಗಡಿ ರಜೆ. ಬರುತ್ತದೆಂದು ಕಾದು ಕೂತೆ.
ಕಾದದ್ದಕ್ಕೇ ಬಂತು.
ಸೋಮವಾರ. ನಸುಕು ನಾಲ್ಕು. ತೋನೆಯೊಳಗೆ ಬಗ್ಗಿದ್ದೆ.

ತೋನೆ ಅಂದರೆ ಬಾವಿಯಂಥ ಮಣ್ಣಿನ ಒಲೆ. ತಳದಲ್ಲಿ ಕೆಂಡ.
ತಲೆ ಕೆಳಗಾಗಿ ಇಳಿದು ಗೋಡೆಗೆ ರೊಟ್ಟಿ ಬಡಿಯಬೇಕು.
ಎದೆ ಅಂಚಿಗೆ ಒರಗುತ್ತದೆ, ದಿನಕ್ಕೆ ಇನ್ನೂರು ಸಲ.

ಮೊದಲು ಒರಗುತ್ತಿರಲಿಲ್ಲ.
ಗೋಚಾ ಕಾಲು ಹಿಡಿಯುತ್ತಿದ್ದ.
ಯಾರ ಕಾಲೂ ಹಿಡಿಯದವನು ನಾನೆಂದು
ಎದೆ ತಟ್ಟಿಕೊಂಡು ಊರು ತಿರುಗಿದೆ,
ಹನ್ನೊಂದು ವರ್ಷ ಒಬ್ಬ ನನ್ನ ಕಾಲು ಹಿಡಿದು ನಿಂತಿದ್ದಾಗ.
ಅವನ ಹಿಡಿತದ ಮೇಲೆ ಸೊಂಟದವರೆಗೆ ಕೆಂಡಕ್ಕೆ ಇಳಿದು
ಹಾಡುತ್ತ ಹತ್ತಿ ಬರುತ್ತಿದ್ದೆ.

ದ್ರಾಕ್ಷಿ ಕೊಯ್ಲಿನ ವಾರ, ಗಲ್ಲಾದಲ್ಲಿ
ಇಪ್ಪತ್ತರ ಏಳು ನೋಟು ಕಮ್ಮಿ.
ಹೆಸರು ಹೇಳದೆ ಬಯ್ದೆ.
ಅಂಗಡಿಯಲ್ಲಿ ಇದ್ದದ್ದೇ ಇಬ್ಬರು.
ಏಪ್ರನ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಇಟ್ಟುಹೋದ.
ಬಿಸಾಡಿದ್ದರೆ ಚೆನ್ನಾಗಿತ್ತು.

ಹಿಮ ಬಿದ್ದ ಮೇಲೆ ಉಪ್ಪಿನ ಪೆಟ್ಟಿಗೆ ಸರಿಸಿದೆ.
ಹಿಂದೆ, ಗೋಡೆಗಂಟಿಕೊಂಡು,
ಉಪ್ಪುನೀರು ಕುಡಿದು ಉಬ್ಬಿದ ಏಳು ನೋಟು.

ಎದೆ ಹಿಡಿಯತೊಡಗಿದ್ದು ಅದಕ್ಕೂ ಮೊದಲು.
ಹಾಗಾಗಿ ನೋಟು ಕಾರಣ ಅಲ್ಲ. ಲೆಕ್ಕದಲ್ಲಿ ನಾನು ಗಟ್ಟಿ.
ಗೋಚಾ ಈಗ ಗುರ್ಜಾನಿ ರಸ್ತೆಯ ಪೆಟ್ರೋಲು ಬಂಕಿನಲ್ಲಿದ್ದಾನೆ.
ನಾನು ಸೈಕಲ್ಲಿನವನು, ಪೆಟ್ರೋಲು ಬೇಕಾಗುವುದಿಲ್ಲ.

ಒಲೆಯಂಚಿಗೆ ಹಳೆ ಕೌದಿ ಸುತ್ತು, ಅಂದಿದ್ದರು ಡಾಕ್ಟರು.
ಸುತ್ತಿದೆ. ಒಂಬತ್ತು ದಿನ ಸುಮ್ಮನಿತ್ತು.
ಹತ್ತನೆಯ ದಿನ, ಬಗ್ಗಿರಲಿಲ್ಲ, ಕುಡಿದಿರಲಿಲ್ಲ, ಕಾದಿರಲಿಲ್ಲ,
ನಿಂತು ಉಪ್ಪು ತೂಗುತ್ತಿದ್ದೆ.
ತಕ್ಕಡಿ ಹಿಡಿದ ಕೈ ಹಾಗೇ ನಿಂತಿತು.
ಕಾರಣದ ಕೆಳಗೆ ಬರೆದೆ: ಉಪ್ಪು.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ.
ಕುಡಿದರೆ ಎದೆಗೆ ಬೀಗ.

ಡಾಕ್ಟರು ಕನ್ನಡಕ ಏರಿಸಿ ಓದಿದರು.
ತಣ್ಣೀರಿಗೆ ತಲೆಯಾಡಿಸಿದರು, ಲಮಾರಾಗೆ ನಕ್ಕರು,
ಉಪ್ಪಿನ ಹತ್ತಿರ ಬೆರಳು ನಿಂತಿತು.
ಸರಿ, ಬಿಪಿ ನೋಡೋಣ. ಉಪ್ಪು ಕಮ್ಮಿ ಮಾಡು.
ಆಯಿತು, ಅಂದೆ.

ತೋಳಿನ ಪಟ್ಟಿ ಉಬ್ಬಿ ಬಿಗಿಯಿತು,
ಬೀಳಲು ಬಿಡದವರ ಹಿಡಿತ.
ಆಮೇಲೆ ಉಸ್ಸೆಂದು ಬಿಟ್ಟಿತು.